ಲ್ಯಾಬ್ ಅಂದ್ರೆ ಭಯ, ಗಣಿತ ಇಷ್ಟ. ಕ್ವಾಂಟಮ್ ಆಪ್ಟಿಕ್ಸ್ ಥಿಯರಿಯಲ್ಲಿ ಪಿಎಚ್‌ಡಿ ಮಾಡಲಾ, ಸಾಫ್ಟ್‌ವೇರ್‌ಗೆ ಹೋಗಲಾ?

ಎಂಎಸ್ಸಿ ಕೊನೆ ವರ್ಷದಲ್ಲಿ ನಾನೂ ಇದೇ ಮಾತು ಹೇಳುತ್ತಿದ್ದೆ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಕೈ ನಡುಗುತ್ತಿತ್ತು. ಅದೇ ಕಾಗದದ ಮೇಲೆ ಲೆಕ್ಕ ಕೊಟ್ಟರೆ ಊಟ ಮರೆಯುತ್ತಿದ್ದೆ. ಬೆಳಕಿನ ಕ್ವಾಂಟಮ್ ಸ್ವಭಾವದ ಬಗ್ಗೆ ಭೌತವಿಜ್ಞಾನಿಗಳಾದ ಗ್ಲೌಬರ್ ಮತ್ತು ನಮ್ಮ ಇ.ಸಿ.ಜಿ. ಸುದರ್ಶನ್ 1963ರಲ್ಲಿ ಬರೆದ ಪೇಪರ್‌ಗಳನ್ನು ಓದಿ, ಇದೇ ನನ್ನ ದಾರಿ ಅಂತ ತೀರ್ಮಾನಿಸಿದೆ. ನೆಟ್ ಪಾಸಾಯಿತು, ಥಿಯರಿ ಗೈಡ್ ಸಿಕ್ಕರು. ಇನ್ನು ಲ್ಯಾಬ್ ಕಾಟ ಇಲ್ಲ ಅಂದುಕೊಂಡೆ.

ಆ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ತಾಳ್ಮೆಯಿಂದ ಓದಿ. ನನ್ನ ವಿಷಯ ಸ್ಕ್ವೀಝ್ಡ್ ಬೆಳಕು. ಏನು ಮಾಡಿದರೂ ಬೆಳಕಿನಲ್ಲಿ ಒಂದಿಷ್ಟು ನಾಯ್ಸ್, ಅಂದರೆ ಅಳತೆಯನ್ನು ಮಸುಕಾಗಿಸುವ ಸಣ್ಣ ಏರಿಳಿತ, ಉಳಿದೇ ಉಳಿಯುತ್ತದೆ. ಪೂರ್ತಿ ಅಳಿಸಲು ಆಗುವುದಿಲ್ಲ. ಆದರೆ ಒಂದು ಕಡೆ ಹಿಂಡಿ ತಗ್ಗಿಸಿ, ಇನ್ನೊಂದು ಕಡೆ ಹೆಚ್ಚಾಗಲು ಬಿಡಬಹುದು. ತಗ್ಗಿದ ಕಡೆ ಅಳತೆ ಮಾಡಿದರೆ ಲಾಭ. ಅಂಥ ಬೆಳಕಿನಿಂದ ಅಳೆಯುವ ವಿಧಾನವೊಂದನ್ನು ಎರಡು ವರ್ಷ ಕೂತು ಲೆಕ್ಕ ಹಾಕಿದೆ. ಮೊದಲ ಪುಟದಲ್ಲೇ ಒಂದು ಸಾಲು ಬರೆದಿದ್ದೆ: 'ಬೆಳಕು ಎಲ್ಲೂ ನಷ್ಟವಾಗುವುದಿಲ್ಲ ಎಂದಿಟ್ಟುಕೊಳ್ಳೋಣ.'

ಒಂದು ಸೆಮಿನಾರಿನಲ್ಲಿ ಪ್ರಯೋಗ ಮಾಡುವವರೊಬ್ಬರು ಕೇಳಿದರು: "ಡಿಟೆಕ್ಟರ್ ಮುಟ್ಟೋ ಹೊತ್ತಿಗೆ ಅರ್ಧ ಬೆಳಕು ಹೋದ್ರೆ?" ಲಾಭವೂ ಅರ್ಧ ಆಗುತ್ತದೆ ಅಂದೆ. ಅದು ತಪ್ಪು. ಬೆಳಕು ಎಷ್ಟು ಹೋಯಿತೋ ಅಷ್ಟು ಜಾಗಕ್ಕೆ ನಿರ್ವಾತದ ನಾಯ್ಸ್, ಅಂದರೆ ಬೆಳಕೇ ಇಲ್ಲದ ಕಡೆಯೂ ಇರುವ ಏರಿಳಿತ, ಬಂದು ಸೇರಿಕೊಳ್ಳುತ್ತದೆ. ಹಿಂಡದ ಬೆಳಕಿನ ನಾಯ್ಸ್ 1 ಅಂತ ಇಟ್ಟುಕೊಳ್ಳಿ. 10 ಡೆಸಿಬೆಲ್ (ನಾಯ್ಸ್ ಎಷ್ಟು ತಗ್ಗಿತು ಅನ್ನುವ ಅಳತೆ) ಹಿಂಡಿದರೆ ನಾಯ್ಸ್ ಹತ್ತರಲ್ಲಿ ಒಂದು ಪಾಲು, ಅಂದರೆ 0.1. ಅದರಲ್ಲಿ ಅರ್ಧ 0.05. ಹೊರಗಿನಿಂದ ಬಂದದ್ದು 0.5. ಒಟ್ಟು 0.55. ಹತ್ತರ ಜಾಗದಲ್ಲಿ ಕೈಗೆ ಸಿಗುವುದು ಬರೀ 2.6 ಡೆಸಿಬೆಲ್! ಜಾಸ್ತಿ ಹಿಂಡಿದರಾಯಿತು ಅಂತ ಆ ರಾತ್ರಿ 15 ಹಾಕಿ ನೋಡಿದೆ. 2.9 ಬಂತು. ನನ್ನ ವಿಧಾನಕ್ಕೆ 8 ಬೇಕಿತ್ತು.

ಎರಡು ವರ್ಷದ ಕೆಲಸ ಹೋಯಿತು. ಪಿಎಚ್‌ಡಿ ಏಳು ವರ್ಷಕ್ಕೆ ಎಳೆಯಿತು, ಮಾತಾಗಿದ್ದ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನಾ ಕೆಲಸ) ಕೈತಪ್ಪಿತು. ಈ ಲೆಕ್ಕಕ್ಕೆ ಅರ್ಧ ಪುಟವೂ ಬೇಡ. ಸೂತ್ರ ಪಠ್ಯಪುಸ್ತಕದಲ್ಲೇ ಇದೆ, ನಾನು ಓದಿಯೂ ಇದ್ದೆ. ಆದರೆ ಅದೇ ಕಟ್ಟಡದ ಕೆಳಗಿನ ಮಹಡಿಯ ಲ್ಯಾಬಿಗೆ ಒಂದು ದಿನವೂ ಇಳಿದಿರಲಿಲ್ಲ. ಇಳಿದಿದ್ದರೆ ಪ್ರತಿ ಕನ್ನಡಿ, ಪ್ರತಿ ಲೆನ್ಸ್, ಪ್ರತಿ ಫೈಬರ್ ಜೋಡಣೆ ಸ್ವಲ್ಪ ಸ್ವಲ್ಪ ಬೆಳಕು ತಿನ್ನುವುದು ಕಾಣುತ್ತಿತ್ತು. ಅಲ್ಲಿಯವರ ಬಾಯಲ್ಲಿ ಬೆಳಗ್ಗೆಯಿಂದ ಸಂಜೆ ತನಕ 'ಲಾಸ್ ಎಷ್ಟು' ಅನ್ನುವುದೇ ಮಾತು.

ಹಾಗಾಗಿ 'ಲ್ಯಾಬ್ ಆಗಲ್ಲ, ಅದಕ್ಕೇ ಥಿಯರಿ' ಅನ್ನುವ ನಿಮ್ಮ ಲೆಕ್ಕಾಚಾರವನ್ನೇ ನಾನು ಒಪ್ಪುವುದಿಲ್ಲ. ಈ ಕ್ಷೇತ್ರದಲ್ಲಿ ಅದು ನಡೆಯುವುದಿಲ್ಲ. ಗುರುತ್ವದ ಅಲೆ ಅಳೆಯಲು ಸ್ಕ್ವೀಝ್ಡ್ ಬೆಳಕು ಬಳಸಬಹುದು ಅಂತ ಭೌತವಿಜ್ಞಾನಿ ಕಾರ್ಲ್‌ಟನ್ ಕೇವ್ಸ್ 1981ರಲ್ಲೇ ಬರೆದರು. ಅಂಥ ಬೆಳಕು ಲ್ಯಾಬಿನಲ್ಲಿ ಮೊದಲು ಬಂದದ್ದು 1985ರಲ್ಲಿ. ಆ ಅಲೆಗಳನ್ನು ಹಿಡಿಯುವ ಅಮೆರಿಕದ ಲೈಗೋ ವೀಕ್ಷಣಾಲಯ ಅದನ್ನು ತನ್ನ ವೀಕ್ಷಣೆಗಳಲ್ಲಿ ನಿರಂತರವಾಗಿ ಬಳಸತೊಡಗಿದ್ದು 2019ರಲ್ಲಿ. ಆ ವರ್ಷಗಳಲ್ಲಿ ಎಷ್ಟು ಜನ ಬರೀ ಬೆಳಕು ಸೋರದಂತೆ ತಡೆಯಲು ದುಡಿದರೋ!

ಸಾಫ್ಟ್‌ವೇರ್ ಬಗ್ಗೆ ನಾನೇನೂ ಹೇಳಲಾರೆ, ಆ ಕಡೆ ಹೋಗಲೇ ಇಲ್ಲ. ಇಲ್ಲಿ ಕೆಲಸ ಸಿಗುತ್ತಾ ಅಂದರೆ, ಸಾಧನ ಕಟ್ಟುವವರ ಪಕ್ಕ ಕೂತು ಲೆಕ್ಕ ಹಾಕುವವರಿಗೆ ಸಿಗುತ್ತದೆ. 2023ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,003 ಕೋಟಿ ರೂಪಾಯಿ ಒಪ್ಪಿದ್ದೂ ಸಾಧನಗಳು ತಯಾರಾಗಲಿ ಅಂತಲೇ. ಗೈಡ್ ಹುಡುಕುವಾಗ ಒಂದೇ ಪ್ರಶ್ನೆ ಕೇಳಿ: "ಸರ್, ನಿಮ್ಮ ಲೆಕ್ಕವನ್ನು ಪ್ರಯೋಗ ಮಾಡಿ ನೋಡುವವರು ಯಾರು?" ಹೆಸರು ಹೇಳದಿದ್ದರೆ ಬೇರೆಯವರನ್ನು ಹುಡುಕಿ.

ಆಮೇಲೆ ನಾನು ಒಂದು ಪ್ರಯೋಗದ ಗುಂಪಿಗೇ ಸೇರಿದೆ, ಈಗಲೂ ಅಲ್ಲೇ ಥಿಯರಿ ನೋಡಿಕೊಳ್ಳುತ್ತೇನೆ. ಮೊದಲ ತಿಂಗಳು ದಿನಾ ಕನ್ನಡಿ ಹೊಂದಿಸಲು ನಿಲ್ಲಿಸಿದರು. ಕೈ ನಡುಗಲಿಲ್ಲ. ಅಲ್ಲಿ ಅಂಕ ಹಾಕಲು ಯಾರೂ ನಿಂತಿರಲಿಲ್ಲ ಅಲ್ವಾ.