ಓದುಗರ ಪ್ರಶ್ನೆ: ಮಹಡಿಯ ಟಿ.ವಿ.ಗೆ ಸಿಗ್ನಲ್ ಏಕೆ ಸಾಲುತ್ತಿಲ್ಲ?

ಪ್ರಶ್ನೆ: ನಮ್ಮ ಹಂಚಿನ ಮನೆಯ ಹಿಂಬದಿಗೆ ಕಳೆದ ವರ್ಷ ಮಹಡಿ ಕಟ್ಟಿಸಿದೆವು. ಕೇಬಲ್ ವಯರು ಚಾವಡಿಗೆ ಬಂದು, ಅಲ್ಲಿ ನಾಲ್ಕು ದಾರಿಯ ಸ್ಪ್ಲಿಟರ್‌ನಿಂದ ಮೂರು ಟಿ.ವಿ.ಗಳಿಗೆ ಹೋಗುತ್ತದೆ. ಮಹಡಿಯ ವಯರಿಗೆ ಮೆಟ್ಟಿಲ ಬಳಿ ಎರಡು ದಾರಿಯ ಇನ್ನೊಂದು ಸ್ಪ್ಲಿಟರ್ ಇದ್ದು, ಅದರ ಒಂದು ಬಾಯಿ ಖಾಲಿಯಿದೆ. ಮಹಡಿಯಲ್ಲಿ ಮಾತ್ರ ಕೆಲವು ಚಾನೆಲ್‌ಗಳ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತದೆ. ಟಿ.ವಿ.ಯ ಹಿಂದೆ ಬೂಸ್ಟರ್ ಹಾಕಿಸಿದರೂ ಸರಿಹೋಗಲಿಲ್ಲ. ಏನು ಮಾಡಬೇಕು?
— ಓದುಗರೊಬ್ಬರು, ಮಲ್ಪೆ

ಉತ್ತರ: ಮೊದಲು ಮಹಡಿಯ ಸೆಟ್‌ಟಾಪ್ ಬಾಕ್ಸನ್ನು ಕೆಳಗೆ ತಂದು, ಹೊರಗಿನಿಂದ ಬರುವ ವಯರಿಗೆ ನೇರವಾಗಿ ಜೋಡಿಸಿ ನೋಡಿ. ಅಲ್ಲಿಯೂ ಅದೇ ಚಾನೆಲ್‌ಗಳು ಒಡೆದರೆ ದೋಷ ಬಾಕ್ಸಿನಲ್ಲೋ ಬೀದಿಯ ಲೈನಿನಲ್ಲೋ ಇದೆ, ಕೇಬಲ್‌ನವರನ್ನೇ ಕರೆಯಬೇಕು. ಚಿತ್ರ ಸರಿಯಾಗಿ ಬಂದರೆ ನಷ್ಟವಾಗುತ್ತಿರುವುದು ಮನೆಯ ವಯರಿಂಗ್‌ನಲ್ಲಿ.

ಆ ನಷ್ಟವನ್ನು ಡೆಸಿಬೆಲ್ ಎಂಬ ಅಳತೆಯಲ್ಲಿ ಲೆಕ್ಕ ಹಾಕಬಹುದು; 3 ಡೆಸಿಬೆಲ್ ಹೋದರೆ ಸಿಗ್ನಲ್ಲಿನ ಶಕ್ತಿ ಸುಮಾರು ಅರ್ಧವಾಯಿತೆಂದು ಅರ್ಥ. ನಾಲ್ಕು ದಾರಿಯ ಸ್ಪ್ಲಿಟರ್ ಪ್ರತಿ ಬಾಯಿಯಲ್ಲೂ ಸುಮಾರು 7 ಡೆಸಿಬೆಲ್, ಎರಡು ದಾರಿಯದು ಸುಮಾರು 3.5 ಡೆಸಿಬೆಲ್ ಸಿಗ್ನಲ್ ತಿನ್ನುತ್ತದೆ. ಖಾಲಿ ಬಾಯಿಯ ಪಾಲು ಉಳಿದ ಟಿ.ವಿ.ಗಳಿಗೆ ಸಿಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಆರ್‌ಜಿ-6 ಎಂಬ ಕೇಬಲ್ ಟಿ.ವಿ. ವಯರಿನಲ್ಲಿ ಮೇಲಿನ ಆವರ್ತನದ ಚಾನೆಲ್‌ಗಳು 30 ಮೀಟರಿಗೆ ಇನ್ನೊಂದು 6 ಡೆಸಿಬೆಲ್‌ನಷ್ಟು ಕಳೆದುಕೊಳ್ಳುತ್ತವೆ. ಕೆಳಗಿನ ಆವರ್ತನಗಳಲ್ಲಿ ಈ ನಷ್ಟ ಕಡಿಮೆ; ಕೆಲವೇ ಚಾನೆಲ್‌ಗಳು ಕೈಕೊಡುವುದಕ್ಕೆ ಇದೇ ಮುಖ್ಯ ಕಾರಣ. ನಿಮ್ಮ ವಯರು ಅಷ್ಟು ಉದ್ದವಿದೆಯೆಂದು ಹಿಡಿದರೆ ಒಟ್ಟು ನಷ್ಟ 16.5 ಡೆಸಿಬೆಲ್, ಅಂದರೆ ಚಾವಡಿಗೆ ಬಂದ ಶಕ್ತಿಯ ನಲವತ್ತರಲ್ಲಿ ಒಂದು ಪಾಲೂ ಮೇಲೆ ತಲುಪುತ್ತಿಲ್ಲ.

ಮೆಟ್ಟಿಲ ಬಳಿಯ ಸ್ಪ್ಲಿಟರನ್ನು ತೆಗೆದು ವಯರನ್ನು ನೇರವಾಗಿ ಕೂಡಿಸಿ. ಚಾವಡಿಯಲ್ಲಿ ಮೂರು ದಾರಿಯ ಸ್ಪ್ಲಿಟರ್ ಹಾಕಿಸಿ; ಒಂದು ಬಾಯಿಯಲ್ಲಿ 3.5, ಉಳಿದೆರಡರಲ್ಲಿ 7 ಎಂದು ಗುರುತಿರುವುದನ್ನೇ ಕೇಳಿ ಪಡೆದು, 3.5ರ ಬಾಯಿಯನ್ನು ದೂರದ ಮಹಡಿಗೆ ಕೊಡಿ. ಇಷ್ಟರಿಂದಲೇ 7 ಡೆಸಿಬೆಲ್ ಉಳಿಯುತ್ತದೆ, ಅಂದರೆ ಮಹಡಿಗೆ ಈಗಿನ ಐದರಷ್ಟು ಶಕ್ತಿ ಸಿಗುತ್ತದೆ. ಮುಂದೆಂದಾದರೂ ಒಂದು ಬಾಯಿ ಖಾಲಿ ಉಳಿದರೆ ಅದಕ್ಕೆ 75 ಓಮ್‌ನ ಟರ್ಮಿನೇಟರ್ (ಖಾಲಿ ಬಾಯಿಗೆ ಹಾಕುವ ಮುಚ್ಚಳ) ತಿರುಗಿಸಿಬಿಡಿ. ತೆರೆದ ತುದಿಯಿಂದ ಸಿಗ್ನಲ್ ಹಿಂದಕ್ಕೆ ಮರಳಿ ಇತರ ಟಿ.ವಿ.ಗಳಿಗೂ ತೊಂದರೆ ಕೊಡಬಲ್ಲದು.

ಬೂಸ್ಟರ್ ಏಕೆ ಫಲಿಸಲಿಲ್ಲವೆಂದರೆ, ಅದು ಸಿಗ್ನಲ್ಲನ್ನು ಹೆಚ್ಚಿಸುವಾಗ ಜೊತೆಗೆ ಸೇರಿರುವ ಗದ್ದಲವನ್ನೂ (ಬೇಡದ ವಿದ್ಯುತ್ ಅಡಚಣೆ) ಅಷ್ಟೇ ಹೆಚ್ಚಿಸುತ್ತದೆ. ಬಾಕ್ಸಿನ ಮೆನುವಿನಲ್ಲಿ ಸಿಗ್ನಲ್ಲಿನ ಬಲ ಮತ್ತು ಗುಣಮಟ್ಟ ಬೇರೆ ಬೇರೆಯಾಗಿ ಕಾಣಿಸುವುದಾದರೆ ಗಮನಿಸಿ: ಬೂಸ್ಟರ್ ಹಾಕಿದಾಗ ಬಲದ ಪಟ್ಟಿ ಏರುತ್ತದೆ, ಗುಣಮಟ್ಟದ್ದು ಇದ್ದಲ್ಲೇ ಇರುತ್ತದೆ. ಬೂಸ್ಟರ್ ಬೇಕೇಬೇಕೆಂದಾದರೆ ಅದರ ಸ್ಥಾನ ಚಾವಡಿಯಲ್ಲಿ, ಸ್ಪ್ಲಿಟರ್‌ಗೆ ಮೊದಲು.

ಕಡಲ ತಡಿಯವರಾದ ನೀವು ಗೋಡೆಯ ಹೊರಗಿನ ಕನೆಕ್ಟರ್‌ಗಳನ್ನು ಬಿಚ್ಚಿ ನೋಡದೆ ಬಿಡಬೇಡಿ. ಉಪ್ಪು ಗಾಳಿಗೆ ಒಳಗಿನ ತಾಮ್ರ ಹಸಿರು ಕಿಲುಬು ಹಿಡಿದಿದ್ದರೆ, ಅಥವಾ ಆಟಿಯ ಮಳೆಯ ನೀರು ವಯರಿನ ಲೋಹದ ಹೆಣಿಗೆಯೊಳಗೆ ಇಳಿದು ಅದು ಕಪ್ಪಾಗಿದ್ದರೆ, ಕಪ್ಪಾದಷ್ಟೂ ವಯರನ್ನು ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಬೇಕು. ವಯರು ಗೋಡೆಯೊಳಗೆ ಹೋಗುವ ಮೊದಲು ಕೆಳಕ್ಕೆ ಒಂದು ಬಾಗು ಕೊಟ್ಟಿರಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಪ್ರಶ್ನೆ: ಕೇಬಲ್‌ನವರ ಆಂಪ್ಲಿಫೈಯರ್ ನಮ್ಮ ಫ್ಲ್ಯಾಟಿನ ಬಾಗಿಲ ಪಕ್ಕದಲ್ಲೇ ಇದೆ. ಇರುವುದು ಒಂದೇ ಟಿ.ವಿ.; ಆದರೂ ಚಿತ್ರ ಒಡೆಯುತ್ತದೆ. ಏಕೆ?
— ಓದುಗರೊಬ್ಬರು, ಕದ್ರಿ, ಮಂಗಳೂರು

ಉತ್ತರ: ಸಿಗ್ನಲ್ ಅತಿಯಾದರೂ ಚಿತ್ರ ಹೀಗೆಯೇ ಒಡೆಯುತ್ತದೆ. ಕೇಬಲ್‌ನವರಿಗೆ ಮೀಟರ್ ತಂದು ಅಳೆಯಲು ಹೇಳಿ. ಬಾಕ್ಸಿನ ಬಳಿ 50ರಿಂದ 70 ಡಿಬಿ ಮೈಕ್ರೋವೋಲ್ಟ್ (ಸಿಗ್ನಲ್ಲಿನ ಬಲದ ಅಳತೆ) ಇದ್ದರೆ ಸಾಕು. ಅದಕ್ಕಿಂತ ತೀರ ಹೆಚ್ಚಿದ್ದರೆ ವಯರು ಮತ್ತು ಬಾಕ್ಸಿನ ನಡುವೆ 10 ಡೆಸಿಬೆಲ್‌ನ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸುವ ಸಾಧನ) ಕೂರಿಸಿಕೊಳ್ಳಿ.