ಪೇಟಿ ಮಾಸ್ತರರಿಗೆ

ಮಾಸ್ತರೇ, ನಾಟಕ ಕಂಪನಿಯಲ್ಲಿ ಪೇಟಿ (ಹಾರ್ಮೋನಿಯಂ) ನುಡಿಸಿ ನಿವೃತ್ತನಾದೆ, 64ನೇ ವಯಸ್ಸಿನಲ್ಲಿ ಕೊಪ್ಪಳದಲ್ಲಿ ಹೊಸ ತಂಡ ಕಟ್ಟಬಹುದಾ ಅಂತ ಕೇಳಿದ್ದೀರಿ. ಕಟ್ಟಿ. ಆರ್ಕೆಸ್ಟ್ರಾ ಮಾತ್ರ ಬೇಡ. ಕೀಬೋರ್ಡು, ಸೌಂಡ್ ಬಾಕ್ಸು ಅಂತ ಸಾಲ ಜಾಸ್ತಿ ಆಗುತ್ತದೆ, ರಾತ್ರಿ 10ಕ್ಕೆ ಮೈಕ್ ಬಂದ್ ಬೇರೆ. ಪೇಟಿ, ತಬಲಾ, ತಾಳ, ಒಬ್ಬ ಹಾಡುಗಾರ ಸಾಕು. ರಂಗಗೀತೆ, ತತ್ವಪದ ಹಾಡಿ; ರಾಯಚೂರು ಕಡೆ ಹೋದರೆ ದಾಸರ ಪದ.

ಮೊದಲು ಶ್ರುತಿ ನೋಡಿಕೊಳ್ಳಿ. ನಾಟಕದ ಕರಿ ಎರಡಕ್ಕೇ, ಅಂದರೆ ಪೇಟಿಯ ಎರಡನೇ ಕಪ್ಪು ಕೀ ಶ್ರುತಿಗೇ ಜೋತು ಬೀಳಬೇಡಿ. ವಯಸ್ಸಾದ ಗಂಟಲಿಗೆ ಅದಕ್ಕಿಂತ ತಗ್ಗಿನ ಬಿಳಿ ಒಂದು (ಮೊದಲ ಬಿಳಿ ಕೀ) ಹಿತ. ಅಷ್ಟು ಇಳಿಸಿದರೆ ಹಳೇ ತಬಲಾ ಕೂಡುವುದಿಲ್ಲ, ಅಗಲ ಬಾಯಿಯದು ಬೇಕು.

ಇನ್ನು ದುಡ್ಡಿನ ಪಾಲು ಮೊದಲೇ ಮಾತಾಡಿ. ನಮ್ಮ ತಂಡ ಒಡೆದದ್ದು ಸ್ವರಕ್ಕಲ್ಲ, ಟಂಟಂ ಆಟೋ ಬಾಡಿಗೆಗೆ! ಕೊಪ್ಪಳದ ಗವಿಮಠದ ದೊಡ್ಡ ಜಾತ್ರೆಯಲ್ಲೇ ಮೊದಲ ಕಾರ್ಯಕ್ರಮ ಅನ್ನುವ ಹಟ ಬೇಡ. ಓಣಿಯ ಗುಡಿಯಲ್ಲಿ ಸೋಮವಾರದ ಭಜನೆಗೆ ಸುಮ್ನೆ ಹೋಗಿ ಕೂತು ನೋಡಿ, ತಬಲಾದವನು ಅಲ್ಲೇ ಸಿಗಬಹುದು.