ರಕ್ತ ತಡ್ಕೋತೀನಿ, ಹೊರಗೆ ಕೂರೋಕಾಗಲ್ಲ

ಗರ್ಭ ನಿಲ್ಲದಂತೆ ಕೊಡುವ ಅಂತರಾ ಇಂಜೆಕ್ಷನ್‌ನ ಮೊದಲ ಡೋಸ್ ಹಾಕಿಸಿಕೊಂಡು ಎರಡನೆಯದಕ್ಕೆ ಬಾರದವರನ್ನು ವಿಚಾರಿಸಿದರೆ ನನಗೆ ಮತ್ತೆ ಮತ್ತೆ ಸಿಗುವ ಉತ್ತರ ಒಂದೇ: "ನಿಲ್ತಾನೇ ಇಲ್ಲ ಮೇಡಂ." ಸರ್ಕಾರಿ ಆಸ್ಪತ್ರೆಗಳಲ್ಲಿ 2017ರಿಂದ ಉಚಿತವಾಗಿ ಸಿಗುತ್ತಿರುವ, ಮೂರು ತಿಂಗಳಿಗೊಮ್ಮೆ ಕೊಡುವ ಒಳ್ಳೆಯ ಸಾಧನ ಇದು. ಅದನ್ನು ಬಿಡಿಸುವುದು ಹೆಚ್ಚಾಗಿ ನಿಲ್ಲದೆ ಕಾಣುವ ಈ ರಕ್ತದ ಕಲೆಯೇ. ಅದಕ್ಕೇ ಈ ಪ್ರಕರಣ ಬರೆಯುತ್ತಿದ್ದೇನೆ.

ಆಕೆಯನ್ನು ಸುಮಾ ಎಂದು ಕರೆಯುತ್ತೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಇಬ್ಬರು ಮಕ್ಕಳು, ಚಿಕ್ಕದಕ್ಕೆ ಇನ್ನೂ ಎರಡು ತುಂಬಿರಲಿಲ್ಲ. ಮಕ್ಕಳಾಗದ ಹಾಗೆ ಮಾಡುವ ಆಪರೇಷನ್ ಈಗಲೇ ಬೇಡ ಎಂದು ಗಂಡ ಹೆಂಡತಿ ಮಾತಾಡಿಕೊಂಡು ಇಂಜೆಕ್ಷನ್ ಆರಿಸಿದ್ದರು. ಕೆಲವೇ ವಾರಗಳಲ್ಲಿ ಬ್ಲೀಡಿಂಗ್ ಶುರುವಾಯಿತು. ಜಾಸ್ತಿ ಏನಲ್ಲ. ಆದರೆ ದಿನಾ ಇತ್ತು.

ನಾನು ಮೊದಲು ಡಾಕ್ಟರ್ ಹತ್ತಿರ ಕಳಿಸಿದೆ. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. "ಇಂಜೆಕ್ಷನ್‌ದೇ ಬಿಡಿ" ಎಂದು ಸಮಾಧಾನ ಹೇಳುವ ಮುಂಚೆ ಗರ್ಭ ನಿಂತಿಲ್ಲ, ಸೋಂಕಿಲ್ಲ, ಗರ್ಭಕೋಶದಲ್ಲಿ ಬೇರೆ ತೊಂದರೆ ಇಲ್ಲ ಎಂದು ಗೊತ್ತಾಗಬೇಕು. ಸುಮಾಗೆ ಅವ್ಯಾವುದೂ ಇರಲಿಲ್ಲ. ರಕ್ತ ಸ್ವಲ್ಪ ಕಡಿಮೆ ಇತ್ತು, ಕಬ್ಬಿಣದ ಮಾತ್ರೆ ಕೊಟ್ಟರು. ಜೊತೆಗೆ ಬ್ಲೀಡಿಂಗ್ ತಗ್ಗಿಸಲು ಐದು ದಿನಕ್ಕೆ ಮೆಫೆನಾಮಿಕ್ ಆ್ಯಸಿಡ್ ಮಾತ್ರೆ ಬರೆದರು.

ಆಮೇಲೆ ಸುಮಾ ನನ್ನ ಕೋಣೆಗೆ ಬಂದರು. ಮೊದಲ ಮೂರರಿಂದ ಆರು ತಿಂಗಳು ಹೀಗೆ ಆಗುವುದು ಸಾಮಾನ್ಯ, ಬರ್ತಾ ಬರ್ತಾ ಕಡಿಮೆಯಾಗುತ್ತೆ ಎಂದೆ. ತಲೆಯಾಡಿಸಿ ಎಲ್ಲ ಕೇಳಿಸಿಕೊಂಡರು. ಕೊನೆಗೆ ಹೇಳಿದರು:

"ರಕ್ತ ತಡ್ಕೋತೀನಿ ಮೇಡಂ. ಇಪ್ಪತ್ತು ದಿನದಿಂದ ಹೊರಗೆ ಕೂತಿದ್ದೀನಿ, ಅದು ಆಗ್ತಿಲ್ಲ. ರಾತ್ರಿ ಮಗು ನಮ್ಮತ್ತೆ ಹತ್ರ ಮಲಗಲ್ಲ, ಅಳುತ್ತೆ. ಅವ್ರಿಗೂ ನಿದ್ದೆ ಇಲ್ಲ. ಅಡುಗೆನೂ ಅವ್ರೇ ಮಾಡ್ಬೇಕು. ಸೂಜಿ ಬಿಟ್ಬಿಡು ಅಂತಾರೆ. ಅವ್ರದ್ದೂ ತಪ್ಪಲ್ಲ."

ಅಲ್ಲಿಂದ ಮಾತಿನ ದಿಕ್ಕೇ ಬದಲಾಯಿತು. ಕಬ್ಬಿಣದ ಮಾತ್ರೆಯಿಂದ ಈ ಮನೆಯ ಕಷ್ಟ ತೀರುವುದಿಲ್ಲ ಅಲ್ವಾ.

ಕಾಗದದ ಮೇಲೆ ಗರ್ಭಕೋಶ ಬರೆದು ತೋರಿಸಿದೆ. ತಿಂಗಳ ಮುಟ್ಟಿನ ಚಕ್ರದಲ್ಲಿ ಅಂಡಾಣು ಬಿಡುಗಡೆಯಾಗುತ್ತದೆ, ಒಳಪದರ ದಪ್ಪವಾಗುತ್ತದೆ, ಗರ್ಭ ನಿಲ್ಲದಿದ್ದರೆ ಆ ಪದರ ಕಳಚಿ ಬರುತ್ತದೆ. ಇಂಜೆಕ್ಷನ್ ಅಂಡಾಣು ಬಿಡುಗಡೆಯನ್ನೇ ತಡೆಯುತ್ತದೆ. ಒಳಪದರ ತೆಳ್ಳಗಾಗುತ್ತದೆ. ಅದರಲ್ಲಿರುವ ಸಣ್ಣ ರಕ್ತನಾಳಗಳು ಅಲ್ಲಲ್ಲಿ ಒಡೆದು ಜಿನುಗುತ್ತವೆ. "ಇದು ತಿಂಗಳ ಮುಟ್ಟಲ್ಲಮ್ಮ, ಔಷಧಿಯಿಂದ ಬರೋ ರಕ್ತ. ಇಂಜೆಕ್ಷನ್ ಕೆಲಸ ಮಾಡ್ತಿಲ್ಲ ಅಂತಲೂ ಅರ್ಥ ಅಲ್ಲ," ಎಂದೆ.

ಅವರು ಚಿತ್ರವನ್ನೇ ನೋಡುತ್ತಾ ಕೇಳಿದರು: "ಇದನ್ನ ನಮ್ಮತ್ತೆಗೆ ನೀವೇ ಹೇಳ್ತೀರಾ?"

ಅವರಾಗಿ ಕೇಳಿದ್ದರಿಂದ ಒಪ್ಪಿದೆ. ಹಾಗೆ ಕೇಳದೆ ಯಾವ ಮಹಿಳೆಯ ವಿಷಯವನ್ನೂ ಮನೆಯವರ ಮುಂದೆ ಎತ್ತುವುದಿಲ್ಲ. ಮುಂದಿನ ಸಲ ಅತ್ತೆಯೂ ಬಂದರು. ಅದೇ ಚಿತ್ರ, ಅದೇ ಮಾತು. ಎಷ್ಟು ದಿನಕ್ಕೆ ನಿಲ್ಲುತ್ತದೆ ಎಂದು ಕೇಳಿದರು. ದಿನ ಹೇಳಲಾರೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ತಿಂಗಳಿಗೆ ಮೂರು ದಿನ ಲೆಕ್ಕ ಇಟ್ಕೋಳಮ್ಮ. ಮಿಕ್ಕಿದ್ದಕ್ಕೆ ಒಳಗೇ ಇರು," ಎಂದು ಸೊಸೆಗೆ ಹೇಳಿದರು.

ಇದನ್ನು ಕೇಳಿದ ನನ್ನ ಸಹೋದ್ಯೋಗಿಯೊಬ್ಬರಿಗೆ ಬೇಸರವಾಯಿತು. ಹೊರಗೆ ಕೂರಿಸುವುದೇ ತಪ್ಪು ಎಂದು ಹೇಳಬೇಕಿತ್ತು, ನೀವು ಮೂರು ದಿನಕ್ಕೆ ಒಪ್ಪಿಗೆ ಕೊಟ್ಟಂತಾಯಿತು ಎಂದರು. ಆ ಪದ್ಧತಿ ತಪ್ಪು ಎಂದೇ ನನ್ನ ನಂಬಿಕೆ ಕೂಡ. ಆದರೆ ಅವತ್ತು ರಾತ್ರಿ ಆ ಮನೆಗೆ ಹೋಗಿ ಮಲಗಬೇಕಾದವರು ಸುಮಾ, ನಾನಲ್ಲ. ನಾನು ಅಲ್ಲಿ ವಾದ ಗೆದ್ದಿದ್ದರೆ ಅತ್ತೆ ಎದ್ದು ಹೋಗುತ್ತಿದ್ದರು. ಇಂಜೆಕ್ಷನ್ ನಿಲ್ಲುತ್ತಿತ್ತು. ಬೇರೆ ಸಾಧನವೂ ಇಲ್ಲದೆ ಇನ್ನೊಂದು ಬಸಿರು ಬರುವ ಸಾಧ್ಯತೆ ಇತ್ತು. ನಾನು ಸುಳ್ಳು ಹೇಳಲಿಲ್ಲ. ಸುಮಾ ಮಗುವಿನ ಪಕ್ಕ ಮಲಗುವ ಹಾಗಾಯಿತು. ಈಗ ಕೇಳಿದರೂ ಅದೇ ಸಲಹೆ ಕೊಡುತ್ತೇನೆ.

ಗರ್ಭನಿರೋಧಕ ಮಾತ್ರೆ ನುಂಗುವವರಿಗೂ ಇದು ಅನ್ವಯಿಸುತ್ತದೆ. ಮಾಲಾ-ಎನ್‌ನಂಥ ಮಾತ್ರೆ ಶುರು ಮಾಡಿದ ಮೊದಲ ಮೂರು ತಿಂಗಳು ನಡುನಡುವೆ ಕಲೆ ಕಾಣಬಹುದು. ಕಲೆ ಕಂಡಿತೆಂದು ಮಾತ್ರೆ ನಿಲ್ಲಿಸಬೇಡಿ. ಮರೆತಿದ್ದೀರಾ ನೋಡಿಕೊಳ್ಳಿ, ದಿನಾ ಒಂದೇ ಹೊತ್ತಿಗೆ ನುಂಗಿ. ವಾಂತಿ ಭೇದಿಯಾದರೂ ಮಾತ್ರೆ ಮೈಗೆ ಹತ್ತುವುದಿಲ್ಲ. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟೋಯಿನ್, ಕಾರ್ಬಮಜೆಪಿನ್ ಔಷಧಿಗಳು ಗರ್ಭನಿರೋಧಕ ಮಾತ್ರೆಯ ಶಕ್ತಿಯನ್ನೇ ತಗ್ಗಿಸುತ್ತವೆ. ಹಾಗಾಗಿ ಬೇರೆ ಯಾವ ಔಷಧಿ ನಡೆಯುತ್ತಿದೆ ಎಂದು ಡಾಕ್ಟರಿಗೆ ತಪ್ಪದೆ ಹೇಳಿ. ಗಂಟೆಗೊಂದು ಪ್ಯಾಡ್ ನೆನೆದು, ಎರಡು ಗಂಟೆ ಹಾಗೇ ಮುಂದುವರಿದರೆ, ತಲೆ ಸುತ್ತಿದರೆ, ಹೊಟ್ಟೆನೋವು ಜೋರಾದರೆ, ಜ್ವರ ಬಂದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಗಂಡನ ಜೊತೆ ಸೇರಿದ ಮೇಲೆ ಪ್ರತಿ ಸಲ ರಕ್ತ ಕಂಡರೆ ಅದನ್ನು ಸಾಧನದ ತಲೆಗೆ ಕಟ್ಟದೆ ಪರೀಕ್ಷೆ ಮಾಡಿಸಿಕೊಳ್ಳಿ.

ಸುಮಾ ಎರಡನೇ ಡೋಸ್ ಹಾಕಿಸಿಕೊಂಡರು. ಕಲೆ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಮೂರನೆಯದರ ದಿನಾಂಕಕ್ಕೆ ಇನ್ನೂ ವಾರ ಇರುವಾಗಲೇ ಬಂದು, "ಇದು ಸಾಕು ಮೇಡಂ, ಬೇರೆ ಏನಿದೆ?" ಎಂದರು. ಉಳಿದ ಸಾಧನಗಳನ್ನೆಲ್ಲ ವಿವರಿಸಿದೆ. ಗರ್ಭಕೋಶದೊಳಗೆ ಇಡುವ ವಂಕಿಯಿಂದ (ಕಾಪರ್-ಟಿ) ಮುಟ್ಟು ಜಾಸ್ತಿಯಾಗಬಹುದು ಎಂದು ತಿಳಿದು ಬೇಡ ಎಂದರು. ಹಾರ್ಮೋನ್ ಇಲ್ಲದ ಛಾಯಾ ಮಾತ್ರೆ ಆರಿಸಿಕೊಂಡರು: ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಇಂಜೆಕ್ಷನ್‌ನ ರಕ್ಷಣೆ ಮುಗಿಯುವ ಮುಂಚೆಯೇ ಡಾಕ್ಟರ್ ಅದನ್ನು ಶುರು ಮಾಡಿಸಿದರು.